ಔಷಧಿ ಹೊಡೆಯುವ ಕೈ



ಇವತ್ತಿನ ಮಾತನ್ನು ಒಂದು ಸಹಿಯಿಂದ ಆರಂಭಿಸುತ್ತೇನೆ. ನನ್ನ ದೊಡ್ಡಪ್ಪ ಸೊರಬ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ರೈತರಾಗಿದ್ದವರು. ಓದಿದ್ದು ನಾಲ್ಕನೇ ಇಯತ್ತೆಯವರೆಗಾದರೂ ಅವರ ಅಕ್ಷರ ದುಂಡಗೆ ಇರುತ್ತಿತ್ತು. ಒಂದು ವರ್ಷ ಬೆಳೆಸಾಲಕ್ಕೆಂದು ಸೊಸೈಟಿಗೆ ಹೋದಾಗ ಅವರ ಸಹಿ ಹಳೆಯ ಸಹಿಗೆ ಹೊಂದಲಿಲ್ಲ. ಮತ್ತೊಮ್ಮೆ ಹಾಕಿಸಿದರು, ಆಗಲೂ ಹೊಂದಲಿಲ್ಲ. ಮೊದಲ ಅಕ್ಷರ ಸರಿಯಾಗಿ ಬೀಳುತ್ತಿತ್ತು; ಮುಂದೆ ಹೋದಂತೆ ಅಕ್ಷರ ಕಿರಿದಾಗುತ್ತಾ ಕೊನೆಗೆ ಇರುವೆ ಸಾಲಿನಂತಾಗುತ್ತಿತ್ತು. ಕಡೆಗೆ ಹೆಬ್ಬೆಟ್ಟು ಒತ್ತಿಸಿಕೊಂಡು ಕಳಿಸಿದರು. ಓದು ಬಂದವನು ಹೆಬ್ಬೆಟ್ಟು ಒತ್ತಬೇಕಾಯಿತಲ್ಲ ಎಂದು ಅವರು ಆ ರಾತ್ರಿ ಊಟ ಮಾಡಲಿಲ್ಲ.

ಅದಕ್ಕೂ ಮೊದಲು ಕೆಲವು ವರ್ಷಗಳಿಂದ ಅವರ ಮೈ ಏನನ್ನೋ ಹೇಳುತ್ತಲೇ ಇತ್ತು; ನಮಗೆ ತಿಳಿಯಲಿಲ್ಲ. ಹೊಸ ಅಕ್ಕಿಯ ಅನ್ನಕ್ಕೆ ಘಮವೇ ಇಲ್ಲ ಎನ್ನುತ್ತಿದ್ದರು. ಮಲಬದ್ಧತೆ ಎಂದು ಕಷಾಯ ಕುಡಿಯುತ್ತಿದ್ದರು. ನಿದ್ದೆಯಲ್ಲಿ ಯಾರನ್ನೋ ಬೈಯುತ್ತಾ ಕೈಕಾಲು ಬಡಿಯುತ್ತಿದ್ದರು. ನಡೆಯುವಾಗ ಒಂದು ತೋಳು ಬೀಸದೆ ಮೈಗೆ ಅಂಟಿಕೊಂಡಂತೆ ಇರುತ್ತಿತ್ತು. ಆಮೇಲೆ ಬಲಗೈಯ ಹೆಬ್ಬೆರಳು ತೋರುಬೆರಳಿಗೆ ತಾಗಿ, ಹೊಗೆಸೊಪ್ಪು ತಿಕ್ಕುವ ಹಾಗೆ, ಸುಮ್ಮನೆ ಕೂತಾಗಲೆಲ್ಲ ಆಡತೊಡಗಿತು. ನಗುವ ಮುಖ ಬಿಗಿಯಿತು. ವಯಸ್ಸಾಯಿತಲ್ಲ ಎಂದರು ನೆರೆಯವರು. ವಾಯು ಎಂದರು ಕೆಲವರು. ಕೊನೆಗೆ ನರರೋಗ ತಜ್ಞರು ಅದಕ್ಕೆ ಹೆಸರು ಹೇಳಿದರು: ಪಾರ್ಕಿನ್ಸನ್ ಕಾಯಿಲೆ.

ಹೆಸರು ತಿಳಿದ ದಿನ ದೊಡ್ಡಪ್ಪ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ. "ತಮ್ಮಾ, ನಮ್ಮ ಮನೆತನದಲ್ಲಿ ಯಾರಿಗೂ ಇಲ್ಲದ್ದು ನನಗೆ ಹ್ಯಾಗೆ ಬಂತು?" ಆ ಪ್ರಶ್ನೆಗೆ ನನ್ನಿಂದಾದಷ್ಟು ಪ್ರಾಮಾಣಿಕವಾದ ಉತ್ತರ ಹುಡುಕುವುದೇ ಇಂದಿನ ಭಾಷಣದ ಕೆಲಸ.

ಕಾಯಿಲೆಯ ಪರಿಚಯ ಮೊದಲು. 1817ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ನಡುಗುವ ರೋಗಿಗಳ ಬಗ್ಗೆ ಒಂದು ಪ್ರಬಂಧ ಬರೆದ. ರೋಗಕ್ಕೆ ಅವನ ಹೆಸರೇ ನಿಂತಿತು. ನಮ್ಮ ಆಯುರ್ವೇದದವರು ಇಂಥ ಲಕ್ಷಣಗಳನ್ನು ಕಂಪವಾತ ಎಂದು ಕರೆದರು. ನಮ್ಮ ಮೆದುಳಿನ ಬುಡದಲ್ಲಿ ಕಪ್ಪು ಬಣ್ಣದ ಒಂದು ಪುಟ್ಟ ಭಾಗವಿದೆ. ಅಲ್ಲಿಯ ಜೀವಕೋಶಗಳು ಡೋಪಮೈನ್ ಎಂಬ ರಾಸಾಯನಿಕವನ್ನು ತಯಾರಿಸುತ್ತವೆ. ಕೈ ಎತ್ತು ಎಂದು ಮನಸ್ಸು ಹೇಳಿದಾಗ ಕೈ ಹದವಾಗಿ, ತಡೆಯಿಲ್ಲದೆ ಏಳುವುದು ಇದರ ನೆರವಿನಿಂದ. ಆ ಕೋಶಗಳು ಒಂದೊಂದಾಗಿ ಸಾಯುತ್ತಾ ಹೋದರೆ ಚಲನೆ ನಿಧಾನವಾಗುತ್ತದೆ, ಸ್ನಾಯು ಬಿಗಿಯುತ್ತದೆ, ಕೈ ನಡುಗುತ್ತದೆ, ನಡೆಯುವ ಹೆಜ್ಜೆ ತಡವರಿಸುತ್ತದೆ. ನಡುಕ ಕಣ್ಣಿಗೆ ಬೀಳುವ ಹೊತ್ತಿಗೆ ಆ ಕೋಶಗಳಲ್ಲಿ ದೊಡ್ಡ ಪಾಲು ಆಗಲೇ ಸತ್ತಿರುತ್ತದೆ. ಎಂದರೆ ರೋಗ ಹೊರಗೆ ಕಾಣುವುದಕ್ಕೆ ಹತ್ತು ಇಪ್ಪತ್ತು ವರ್ಷ ಮೊದಲೇ ಒಳಗೆ ಶುರುವಾಗಿರಬಹುದು. ಈ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಮುಂದಿನದೆಲ್ಲ ಇದರ ಮೇಲೇ ನಿಂತಿದೆ.

ಜಗತ್ತಿನಲ್ಲಿ ಈ ರೋಗವಿರುವವರು 2019ರಲ್ಲಿ 85 ಲಕ್ಷಕ್ಕೂ ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಅತಿ ದೊಡ್ಡ ಕಾರಣ ವಯಸ್ಸೇ. ಅರವತ್ತು ದಾಟಿದ ಮೇಲೆ ಇದು ಹೆಚ್ಚು. ಸ್ವಲ್ಪ ಜನರಿಗೆ ಮನೆತನದಿಂದ, ವಂಶವಾಹಿಯ ದೋಷದಿಂದ ಬರುತ್ತದೆ. ಆದರೆ ಹೆಚ್ಚಿನವರ ಮನೆತನದಲ್ಲಿ ಹಿಂದೆ ಯಾರಿಗೂ ಇರುವುದಿಲ್ಲ, ದೊಡ್ಡಪ್ಪನಿಗೆ ಇದ್ದ ಹಾಗೆ. ಅಂಥವರಲ್ಲಿ ವಯಸ್ಸು, ಮೈಯ ಗುಣ ಮತ್ತು ಸುತ್ತಲಿನ ಪರಿಸರ ಮೂರೂ ಕೂಡಿ ಕೆಲಸ ಮಾಡುತ್ತವೆ. ವಯಸ್ಸನ್ನು ತಡೆಯಲಾರೆವು, ಹುಟ್ಟಿನಿಂದ ಬಂದದ್ದನ್ನು ಬದಲಿಸಲಾರೆವು. ನಮ್ಮ ಕೈಯಲ್ಲಿರುವುದು ಮೂರನೆಯದು ಮಾತ್ರ.

ಕೆಲಸಕ್ಕೂ ಕಾಯಿಲೆಗೂ ನಂಟಿರುತ್ತದೆ ಎಂಬುದನ್ನು ನಮ್ಮ ಸೀಮೆಗೆ ಹೊರಗಿನವರು ಬಂದು ಹೇಳಿಕೊಡಬೇಕಾಗಿಲ್ಲ. 1957ರಲ್ಲಿ ಇದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಅಕ್ಕಪಕ್ಕದ ಹಳ್ಳಿಗಳ ಜನ ಜ್ವರ ಬಂದು ಮಲಗಿದರು. ಪುಣೆಯ ವೈರಾಣು ಸಂಶೋಧನಾ ಕೇಂದ್ರದವರು ಬಂದು ಹುಡುಕಿದಾಗ ಹೊಸದೊಂದು ವೈರಾಣು ಸಿಕ್ಕಿತು, ಅದನ್ನು ಹರಡುವ ಉಣುಗು ಸಿಕ್ಕಿತು. ನಮ್ಮ ಕ್ಯಾಸನೂರಿನ ಹೆಸರು ಜಗತ್ತಿನ ವೈದ್ಯಗ್ರಂಥಗಳಿಗೆ ಸೇರಿತು. ಯಾರಿಗೆ ಬರುತ್ತಿತ್ತು ಆ ಜ್ವರ? ಸೌದೆಗೆ ಹೋದವರಿಗೆ, ದರಕು ಗುಡಿಸಲು ಹೋದವರಿಗೆ, ದನ ಮೇಯಿಸಲು ಹೋದವರಿಗೆ. ದುಡಿಮೆ ಎಲ್ಲಿಗೆ ಕರೆದೊಯ್ಯಿತೋ ಅಲ್ಲಿ ಕಾಯಿಲೆ ಕಾದಿತ್ತು.

ಇನ್ನೊಂದು ಪಾಠ ಪಕ್ಕದ ಸಾಗರ ತಾಲ್ಲೂಕಿನದು. 1970ರ ದಶಕದ ನಡುವಿನಲ್ಲಿ ಹಂದಿಗೋಡಿನ ಬಡ ಕೂಲಿಕಾರ ಕುಟುಂಬಗಳಲ್ಲಿ ಸೊಂಟ, ಮಂಡಿಗಳ ಕೀಲು ಹಿಡಿದು ಜನ ನಡೆಯಲಾರದವರಾದರು. ಕೀಟನಾಶಕ ಬಿದ್ದ ಗದ್ದೆಯ ಏಡಿ, ಮೀನು ತಿಂದದ್ದೇ ಕಾರಣ ಎಂಬ ಅನುಮಾನ ಬಲವಾಗಿ ಎದ್ದಿತು. ಆಮೇಲೆ ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ತಜ್ಞರೂ ಬೇರೆಯವರೂ ಆ ಮನೆತನಗಳನ್ನು ತಲೆಮಾರುಗಳವರೆಗೆ ನೋಡಿದಾಗ ಅದು ವಂಶವಾಹಿಯಿಂದ ಬರುವ ಮೂಳೆ ಕೀಲಿನ ರೋಗವೆಂದು ಕಂಡಿತು. ಹಂದಿಗೋಡು ನಮಗೆ ಕಲಿಸಿದ್ದು ಎಚ್ಚರಿಕೆಯನ್ನು. ಅನುಮಾನ ಎಷ್ಟು ಸಹಜವಾಗಿದ್ದರೂ ಅದನ್ನು ಪರೀಕ್ಷೆಗೆ ಒಡ್ಡಬೇಕು. ಆದ್ದರಿಂದ ಗದ್ದೆಗೆ ಔಷಧಿ, ಎಂದರೆ ಕೀಟನಾಶಕ, ಹೊಡೆದದ್ದಕ್ಕೇ ದೊಡ್ಡಪ್ಪನಿಗೆ ಕಾಯಿಲೆ ಬಂತು ಎಂದು ನಾನು ಈ ಮೈಕಿನ ಮುಂದೆ ಹೇಳುವುದಿಲ್ಲ. ಒಬ್ಬ ಮನುಷ್ಯನ ವಿಷಯದಲ್ಲಿ ಹಾಗೆ ಹೇಳಲು ಯಾವ ವೈದ್ಯನಿಗೂ ಆಗುವುದಿಲ್ಲ. ಸಾವಿರಾರು ಜನರನ್ನು ಒಟ್ಟಿಗೆ ನೋಡಿದಾಗ ಏನು ಕಾಣುತ್ತದೆ ಎಂಬುದನ್ನು ಮಾತ್ರ ಹೇಳಬಲ್ಲೆ.

ಹೊರಗಿನ ಒಂದು ವಸ್ತು ಈ ರೋಗವನ್ನು ತರಬಲ್ಲದು ಎಂಬುದು ಖಚಿತವಾದದ್ದು ಒಂದು ದುರಂತದಿಂದ. 1982ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕೆಲವು ಯುವಕ ಯುವತಿಯರು ಕಲ್ಲಿನಂತೆ ಬಿಗಿದು, ಮಾತಾಡಲಾರದೆ ಆಸ್ಪತ್ರೆ ಸೇರಿದರು. ಅವರು ಮಾದಕ ವಸ್ತುವಿನ ಚಟಕ್ಕೆ ಬಿದ್ದವರು. ಕಳ್ಳ ಪ್ರಯೋಗಶಾಲೆಯಲ್ಲಿ ಕೆಟ್ಟದಾಗಿ ತಯಾರಾದ ಪುಡಿಯನ್ನು ಚುಚ್ಚಿಕೊಂಡಿದ್ದರು. ವಿಲಿಯಂ ಲ್ಯಾಂಗ್‌ಸ್ಟನ್ ಎಂಬ ವೈದ್ಯರು ಮತ್ತು ಅವರ ಸಂಗಡಿಗರು ಆ ಪುಡಿಯಲ್ಲಿ ಎಂಪಿಟಿಪಿ ಎಂಬ ಕಲ್ಮಶವನ್ನು ಗುರುತಿಸಿದರು. ಅದು ಮೆದುಳಿಗೆ ಹೋಗಿ ಬೇರೊಂದು ರೂಪ ತಾಳುತ್ತದೆ, ಡೋಪಮೈನ್ ಕೋಶಗಳನ್ನೇ ಹುಡುಕಿ ಒಳಹೊಗುತ್ತದೆ, ಕೋಶಕ್ಕೆ ಶಕ್ತಿ ಕೊಡುವ ಒಲೆಯನ್ನು ಆರಿಸಿಬಿಡುತ್ತದೆ. ಮುದುಕರ ಕಾಯಿಲೆ ಎಂದುಕೊಂಡದ್ದು ಹರೆಯದವರಿಗೆ ಕೆಲವೇ ದಿನಗಳಲ್ಲಿ ಬಂದಿತ್ತು.

ರೈತರಿಗೆ ಈ ಕಥೆ ಯಾಕೆ ಎನ್ನುತ್ತೀರಾ? ಮೆದುಳಿನಲ್ಲಿ ಎಂಪಿಟಿಪಿ ತಾಳುವ ಆ ವಿಷರೂಪದ ರಚನೆಗೂ, ಹುಲ್ಲು ಸುಡಲು ಹೊಡೆಯುವ ಪ್ಯಾರಾಕ್ವಾಟ್ ಎಂಬ ಕಳೆನಾಶಕದ ರಚನೆಗೂ ಬಹಳ ಹೋಲಿಕೆಯಿದೆ. ವಿಜ್ಞಾನಿಗಳ ಕಣ್ಣು ಹೊಲದ ಕಡೆ ತಿರುಗಿದ್ದು ಆಗ. ಅಮೆರಿಕದ ಅಯೋವಾ ಮತ್ತು ಉತ್ತರ ಕ್ಯಾರೊಲಿನಾ ರಾಜ್ಯಗಳಲ್ಲಿ ಕೀಟನಾಶಕ ಬಳಸುವ ರೈತರನ್ನೂ ಅವರ ಮನೆಯವರನ್ನೂ ದೀರ್ಘಕಾಲ ಅಧ್ಯಯನ ಮಾಡಿದರು. ಅವರಲ್ಲಿ ರೋಗವಿದ್ದ 110 ಮಂದಿಯನ್ನು ರೋಗವಿಲ್ಲದ 358 ಮಂದಿಯೊಡನೆ ಹೋಲಿಸಿದ ಫಲಿತಾಂಶ 2011ರಲ್ಲಿ ಹೊರಬಂತು. ಪ್ಯಾರಾಕ್ವಾಟ್ ಬಳಸಿದವರಲ್ಲಿ ರೋಗದ ಸಂಭವ ಸುಮಾರು ಎರಡೂವರೆ ಪಟ್ಟು ಹೆಚ್ಚಿತ್ತು. ರೋಟೆನೋನ್ ಬಳಸಿದವರಲ್ಲೂ ಅಷ್ಟೇ. ಈ ರೋಟೆನೋನ್ ಗಿಡದ ಬೇರಿನಿಂದ ತೆಗೆಯುವ ವಸ್ತು. ಗಿಡಮೂಲದ್ದು ಎಂದ ಮಾತ್ರಕ್ಕೆ ನಿರಪಾಯವಲ್ಲ. ಕ್ಯಾಲಿಫೋರ್ನಿಯಾದ ಇನ್ನೊಂದು ಅಧ್ಯಯನ 2009ರದ್ದು. ಪ್ಯಾರಾಕ್ವಾಟ್ ಮತ್ತು ಮಾನೆಬ್ ಎಂಬ ಶಿಲೀಂಧ್ರನಾಶಕ ಎರಡನ್ನೂ ಹೊಡೆದ ಹೊಲಗಳಿಂದ 500 ಮೀಟರಿನೊಳಗೆ ಮನೆಯಿದ್ದವರಲ್ಲಿ ಸಂಭವ ಶೇಕಡಾ 75ರಷ್ಟು ಹೆಚ್ಚೆಂದು ಅದು ತೋರಿಸಿತು. ಅಲ್ಲಿ ನೋಡಿದ್ದು ಸಿಂಪಡಣೆಯ ಕ್ಯಾನು ಹೊತ್ತದ್ದನ್ನಲ್ಲ, ಪಕ್ಕದಲ್ಲಿ ವಾಸವಿದ್ದುದನ್ನು.

ನಮ್ಮ ಹಿರಿಯರಿಗೆ ಬಿಎಚ್‌ಸಿ ಎಂಬ ಕೀಟನಾಶಕದ ಪುಡಿ ನೆನಪಿರುತ್ತದೆ. ದೊಡ್ಡಪ್ಪ ಅದನ್ನು ಹಳೆ ಪಂಚೆಯ ತುಂಡಿನಲ್ಲಿ ಕಟ್ಟಿ, ಗದ್ದೆಯ ಬದುವಿನ ಮೇಲೆ ನಡೆಯುತ್ತಾ ಬರಿಗೈಯಲ್ಲಿ ಉದುರಿಸುತ್ತಿದ್ದರು. ಹುಬ್ಬು ಮೀಸೆಯೆಲ್ಲ ಬೆಳ್ಳಗಾಗಿ ಮನೆಗೆ ಬರುತ್ತಿದ್ದರು, ನಾವು ಮಕ್ಕಳು ನೋಡಿ ನಗುತ್ತಿದ್ದೆವು. 1997ರಲ್ಲಿ ಭಾರತ ಸರ್ಕಾರ ಅದನ್ನು ನಿಷೇಧಿಸಿತು. ಆದರೆ ಅದರ ಒಂದು ಅಂಶ ಮಣ್ಣಿನಲ್ಲೂ ಮೈಯ ಕೊಬ್ಬಿನಲ್ಲೂ ವರ್ಷಗಟ್ಟಲೆ ಉಳಿಯುತ್ತದೆ. ಅಮೆರಿಕದ ಟೆಕ್ಸಾಸ್‌ನಲ್ಲಿ 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಪಾರ್ಕಿನ್ಸನ್ ಇದ್ದವರ ಪೈಕಿ ಶೇಕಡಾ 76 ಮಂದಿಯ ರಕ್ತದಲ್ಲಿ ಆ ಅಂಶ ಸಿಕ್ಕಿತು. ರೋಗವಿಲ್ಲದವರಲ್ಲಿ ಸಿಕ್ಕಿದ್ದು ಶೇಕಡಾ 40ರಲ್ಲಿ. ನಮ್ಮ ದೇಶದಲ್ಲಿ ಮುಂಬಯಿಯ ವೈದ್ಯರು 1999ರಲ್ಲಿ ಐವರು ರೋಗಿಗಳ ಬಗ್ಗೆ ಬರೆದರು. ಆರ್ಗನೋಫಾಸ್ಫೇಟ್ ಜಾತಿಯ ಕೀಟನಾಶಕ ಮೈಸೇರಿದ ಮೇಲೆ ಅವರಿಗೆ ಪಾರ್ಕಿನ್ಸನ್ ತರಹದ ಬಿಗಿತ ಬಂದಿತ್ತು, ವಿಷದಿಂದ ದೂರವಾದ ಮೇಲೆ ಕಡಿಮೆಯಾಯಿತು.

ಇಷ್ಟನ್ನೂ ಕೇಳಿ ಯಾರೂ ಭಯಪಡಬೇಡಿ. ಎರಡೂವರೆ ಪಟ್ಟು ಎಂದರೆ ಔಷಧಿ ಹೊಡೆದವರಿಗೆಲ್ಲ ನಡುಕ ಬರುತ್ತದೆ ಎಂದಲ್ಲ. ಬಹುಪಾಲು ಜನರಿಗೆ ಬರುವುದೇ ಇಲ್ಲ. ಅಪರೂಪದ ಕಾಯಿಲೆಯೊಂದು ಕೆಲವರಲ್ಲಿ ಸ್ವಲ್ಪ ಕಡಿಮೆ ಅಪರೂಪವಾಗುತ್ತದೆ ಎಂದು ಅದರ ಅರ್ಥ. ಪ್ಯಾರಾಕ್ವಾಟ್ ವಿಷಯದಲ್ಲಿ ವಿಜ್ಞಾನಿಗಳ ನಡುವೆ ವಾದವೂ ಮುಗಿದಿಲ್ಲ. ಆದರೂ ಕೆಲವು ಸರ್ಕಾರಗಳು ವಾದ ಮುಗಿಯಲಿ ಎಂದು ಕಾಯಲಿಲ್ಲ. ಫ್ರಾನ್ಸ್ ದೇಶ 2012ರಲ್ಲಿ, ಹತ್ತು ವರ್ಷ ಕೀಟನಾಶಕದ ಒಡನಾಟದಲ್ಲಿ ದುಡಿದ ರೈತರಿಗೆ ಬರುವ ಪಾರ್ಕಿನ್ಸನ್ ಕಾಯಿಲೆಯನ್ನು ಕಸುಬಿನ ಕಾಯಿಲೆ ಎಂದು ಒಪ್ಪಿಕೊಂಡಿತು. ಯುರೋಪಿನ ಒಕ್ಕೂಟದಲ್ಲಿ ಪ್ಯಾರಾಕ್ವಾಟ್ ಬಳಕೆ 2007ರಲ್ಲಿ ನಿಂತಿತು. ನೆರೆಯ ಕೇರಳ 2011ರಲ್ಲಿ ನಿಲ್ಲಿಸಿತು.

ಈಗ ನಮ್ಮ ಹೊಲಗಳಿಗೆ ಬರೋಣ. ಶಿಕಾರಿಪುರ, ಸೊರಬ ತಾಲ್ಲೂಕುಗಳೆರಡೂ ಅರೆಮಲೆನಾಡು. ಕುಮುದ್ವತಿ, ವರದಾ, ದಂಡಾವತಿ ನದಿಗಳ ನೀರು, ಊರೂರಿಗೆ ಕೆರೆ, ಕೆರೆಯ ಕೆಳಗೆ ಭತ್ತದ ಗದ್ದೆ. ನನ್ನ ಬಾಲ್ಯದ ನೆನಪಿನಲ್ಲಿ ಕಳೆ ಎಂದರೆ ಹೆಂಗಸರ ಸಾಲು, ಹಾಡು, ಕುಡುಗೋಲು. ಆಮೇಲೆ ಖುಷ್ಕಿಯಲ್ಲಿ ಮೆಕ್ಕೆಜೋಳ ಹಬ್ಬಿತು, ಗದ್ದೆಗೆ ಅಡಿಕೆ ಇಳಿಯಿತು, ಮಗ್ಗುಲಿನಲ್ಲಿ ಶುಂಠಿ ಬಂತು. ಕಳೆ ಕೀಳುವ ಆಳು ಸಿಗದಾದಾಗ ಹುಲ್ಲಿನ ಔಷಧಿ ಬಂತು. 2018ರಲ್ಲಿ ಮೆಕ್ಕೆಜೋಳದ ಸುಳಿ ತಿನ್ನುವ ಫಾಲ್ ಸೈನಿಕ ಹುಳು ಭಾರತದಲ್ಲೇ ಮೊದಲು ಪತ್ತೆಯಾದದ್ದು ನಮ್ಮ ಶಿವಮೊಗ್ಗದಲ್ಲಿ, ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳಿಂದ. ಅಲ್ಲಿಯವರೆಗೆ ಮೆಕ್ಕೆಜೋಳಕ್ಕೆ ಕ್ಯಾನು ಹೊರದಿದ್ದವರೂ ಹೊರಬೇಕಾಯಿತು. ಅಲ್ಲಿ ಹೊಡೆಯುವ ಪ್ರತಿಯೊಂದು ಔಷಧಿಗೂ ನಡುಕಕ್ಕೂ ನಾನು ಗಂಟು ಹಾಕುತ್ತಿಲ್ಲ. ವರ್ಷದಲ್ಲಿ ಕ್ಯಾನು ಬೆನ್ನ ಮೇಲಿರುವ ದಿನಗಳು ಹೆಚ್ಚಾದವು ಎಂದಷ್ಟೇ ಹೇಳುತ್ತಿದ್ದೇನೆ.

ಅಡಿಕೆ ತೋಟಕ್ಕಂತೂ ಸಿಂಪಡಣೆ ಹಳೆಯದು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ಲೆಸ್ಲಿ ಕೋಲ್‌ಮನ್ 1910ರಲ್ಲೇ ಕೊಳೆರೋಗದ ಬಗ್ಗೆ ಬರೆದರು, ಸುಣ್ಣ ಮೈಲುತುತ್ತದ ಬೋರ್ಡೋ ದ್ರಾವಣವನ್ನು ಮಲೆನಾಡಿಗೆ ಕಲಿಸಿದರು. ಅದಕ್ಕೂ ನಾವು ಔಷಧಿ ಎಂದೆವು, ಅದರ ಹಿಂದೆ ಬಂದ ಘೋರ ವಿಷಗಳಿಗೂ ಔಷಧಿ ಎಂದೇ ಕರೆದೆವು. ಗಿಡಕ್ಕೆ ಔಷಧಿ ಎಂಬ ಮಾತು ಅಕ್ಕರೆಯಿಂದ ಬಂದದ್ದು. ಆದರೆ ಔಷಧಿ ಎಂದ ಕೂಡಲೇ ಮನಸ್ಸಿನ ಕಾವಲು ಇಳಿಯುತ್ತದೆ. ಜ್ವರದ ಮಾತ್ರೆ ಇಡುವ ಗೂಡಿನಲ್ಲೇ ಅದನ್ನೂ ಇಡುತ್ತೇವೆ. ನಳಿಕೆಯ ಬಾಯಿ ಕಟ್ಟಿದರೆ ಬಾಯಿಟ್ಟು ಊದುತ್ತೇವೆ. ಮುಚ್ಚಳದಲ್ಲಿ ಅಳೆದು ಬಕೆಟ್ಟಿಗೆ ಹಾಕಿ ಬರಿಗೈಯಲ್ಲಿ ಕಲಕುತ್ತೇವೆ. ಕ್ಯಾನು ಸೋರಿ ಬೆನ್ನು ನೆಂದರೆ, ನೀರು ತಾನೆ, ಒಣಗುತ್ತದೆ ಎನ್ನುತ್ತೇವೆ. ಬದುವಿನ ಮೇಲೆ ಕೂತು ಅದೇ ಕೈಯಲ್ಲಿ ರೊಟ್ಟಿ ತಿನ್ನುತ್ತೇವೆ, ಎಲೆಯಡಿಕೆ ಹಾಕುತ್ತೇವೆ.

ವಿಷ ಬಾಯಿಂದ ಮಾತ್ರ ಒಳಗೆ ಹೋಗುತ್ತದೆ ಎಂಬುದು ನಮ್ಮ ದೊಡ್ಡ ತಪ್ಪು ತಿಳಿವಳಿಕೆ. ಸಿಂಪಡಿಸುವವರ ಮೈಗೆ ಹೆಚ್ಚಿನ ಪಾಲು ಸೇರುವುದು ಚರ್ಮದಿಂದ. ನೆಂದ ಚರ್ಮ, ಬೆವರಿದ ಚರ್ಮ, ಗಾಯವಿರುವ ಚರ್ಮ ಇನ್ನೂ ಬೇಗ ಹೀರುತ್ತದೆ. ನಮ್ಮ ಕಡೆ ಕ್ಯಾನು ಹೊರುವುದು ಬಹುಮಟ್ಟಿಗೆ ದಿನಗೂಲಿಯವರು. ಹೊಲದ ಯಜಮಾನ ವರ್ಷಕ್ಕೆ ನಾಲ್ಕು ದಿನ ಔಷಧಿ ಹೊಡೆಸಿದರೆ, ಆ ಕೂಲಿಯವನು ಹತ್ತು ಹೊಲಗಳಲ್ಲಿ ನಲವತ್ತು ದಿನ ಹೊಡೆದಿರುತ್ತಾನೆ. ನೀರು ಹೊತ್ತು ತಂದು ಕ್ಯಾನಿಗೆ ತುಂಬಿಸುವವಳು ಅವನ ಹೆಂಡತಿ. ಸಂಜೆ ಆ ಅಂಗಿಯನ್ನು ಮಕ್ಕಳ ಬಟ್ಟೆಯ ಜೊತೆ ಸೇರಿಸಿ ಕಲ್ಲಿನ ಮೇಲೆ ತಿಕ್ಕುವವಳೂ ಅವಳೇ. ಲೆಕ್ಕದಲ್ಲಿ ಅವಳು ಔಷಧಿ ಹೊಡೆದವಳಲ್ಲ.

ಡಬ್ಬಿಯ ಮೇಲೆ ಬಣ್ಣದ ತ್ರಿಕೋನ ನೋಡಿದ್ದೀರಿ. ಕೆಂಪು ಅತಿ ಘೋರ, ಆಮೇಲೆ ಹಳದಿ, ನೀಲಿ, ಹಸಿರು. ಹಸಿರು ಇದ್ದರೆ ಭಯವಿಲ್ಲ ಎಂಬ ಮಾತು ಅಂಗಡಿಗಳಲ್ಲಿ ಕೇಳುತ್ತೇವೆ. ಆ ಬಣ್ಣ ಅಳೆಯುವುದು, ಒಂದೇ ಸಲಕ್ಕೆ ಎಷ್ಟು ಪ್ರಮಾಣ ಹೊಟ್ಟೆಗೆ ಹೋದರೆ ಪ್ರಾಣಿ ಸಾಯುತ್ತದೆ ಎಂಬುದನ್ನು. ಪ್ರತಿವರ್ಷ ತುಸು ತುಸುವಾಗಿ ಮೈಸೇರಿ ಇಪ್ಪತ್ತೈದು ವರ್ಷದ ಮೇಲೆ ಏನಾಗುತ್ತದೆ ಎಂಬುದನ್ನು ಆ ತ್ರಿಕೋನ ಹೇಳುವುದಿಲ್ಲ. ಔಷಧಿ ಹೊಡೆದ ದಿನ ತಲೆಸುತ್ತಲಿಲ್ಲ, ವಾಂತಿಯಾಗಲಿಲ್ಲ, ಆದ್ದರಿಂದ ನನಗೇನೂ ಆಗಲಿಲ್ಲ ಎಂದು ದೊಡ್ಡಪ್ಪ ನಂಬಿದ್ದರು. ಆ ದಿನದ ಮಟ್ಟಿಗೆ ಅವರ ನಂಬಿಕೆ ಸರಿಯಾಗಿಯೇ ಇತ್ತು.

ಹೊಲದ ಹೊರಗಿನ ಕಸುಬುಗಳನ್ನೂ ಹೇಳಬೇಕು. ಸಾಗರದಿಂದ ಶಿವಮೊಗ್ಗಕ್ಕೆ ಹೋಗುವ ದಾರಿಯಲ್ಲಿ ಸಿಗುವ ಕುಂಸಿಯ ಸುತ್ತ ಕಳೆದ ಶತಮಾನದ ಆರಂಭದಲ್ಲಿ ಮ್ಯಾಂಗನೀಸ್ ಅದಿರು ಅಗೆಯುತ್ತಿದ್ದರು. ಈ ಲೋಹದ ಧೂಳು ದೀರ್ಘಕಾಲ ಉಸಿರಿಗೆ ಹೋದರೆ ನಡಿಗೆ ಕೆಡುತ್ತದೆ, ಮುಖ ಬಿಗಿಯುತ್ತದೆ ಎಂದು 1837ರಲ್ಲೇ ಸ್ಕಾಟ್ಲೆಂಡಿನ ವೈದ್ಯ ಜಾನ್ ಕೂಪರ್ ಅದಿರು ಅರೆಯುವ ಕಾರ್ಮಿಕರನ್ನು ನೋಡಿ ಬರೆದಿದ್ದ. ಅದು ಪಾರ್ಕಿನ್ಸನ್ನಿನ ನೆಂಟ, ಅದೇ ರೋಗವಲ್ಲ. 1948ರ ನಮ್ಮ ಕಾರ್ಖಾನೆ ಕಾಯ್ದೆ ಅದನ್ನು ಕಸುಬಿನ ಕಾಯಿಲೆಗಳ ಪಟ್ಟಿಗೆ ಸೇರಿಸಿತ್ತು. ವೆಲ್ಡಿಂಗ್ ಹೊಗೆಯಲ್ಲೂ ಮ್ಯಾಂಗನೀಸ್ ಇರುತ್ತದೆ. ಬಾಗಿಲು ಮುಚ್ಚಿದ ಸಣ್ಣ ಶೆಡ್ಡಿನಲ್ಲಿ ವೆಲ್ಡಿಂಗ್ ಮಾಡುವ ಹುಡುಗರು ಗಾಳಿಯಾಡುವಂತೆ ನೋಡಿಕೊಳ್ಳಬೇಕು. ಲೋಹದ ಜಿಡ್ಡು ತೆಗೆಯಲು ಬಳಸುವ ಟ್ರೈಕ್ಲೋರೋಎಥಿಲೀನ್ ಎಂಬ ದ್ರಾವಕ ಅಮೆರಿಕದ ಒಂದು ಸೈನಿಕ ಶಿಬಿರದ ಕುಡಿಯುವ ನೀರಿಗೆ ಸೇರಿತ್ತು. ಅಲ್ಲಿ ಇದ್ದ ಸೈನಿಕರಲ್ಲಿ ಪಾರ್ಕಿನ್ಸನ್ನಿನ ಸಂಭವ ಶೇಕಡಾ 70ರಷ್ಟು ಹೆಚ್ಚು ಎಂದು 2023ರ ಅಧ್ಯಯನ ಹೇಳಿತು. ತಲೆಗೆ ಬಿದ್ದ ಬಲವಾದ ಪೆಟ್ಟೂ ಒಂದು ಕಾರಣವಾಗಬಲ್ಲದು. ಬೈಕಿನಲ್ಲಿ ಹೆಲ್ಮೆಟ್ ಹಾಕಲು ಇದು ಇನ್ನೊಂದು ನೆಪ.

ನಾವೇ ನುಂಗುವ ಮಾತ್ರೆಗಳ ವಿಷಯವೂ ಇಲ್ಲಿ ಬರುತ್ತದೆ. ನಮ್ಮ ಕಾಡಿನ ಸರ್ಪಗಂಧಿಯಿಂದ ತೆಗೆದ ರಿಸರ್ಪಿನ್ ಎಂಬ ಸಾರವನ್ನು ಸ್ವೀಡನ್ನಿನ ಆರ್ವಿಡ್ ಕಾರ್ಲ್ಸನ್ 1957ರಲ್ಲಿ ಮೊಲಗಳಿಗೆ ಕೊಟ್ಟಾಗ ಅವು ಕಲ್ಲಿನಂತೆ ಕೂತವು. ಎಲ್‌ಡೋಪಾ ಎಂಬ ವಸ್ತುವನ್ನು ಕೊಟ್ಟಾಗ ಎದ್ದು ಓಡಾಡಿದವು. ಡೋಪಮೈನಿನ ಗುಟ್ಟು ಬಿಚ್ಚಿದ್ದಕ್ಕೆ ಅವರಿಗೆ 2000ದಲ್ಲಿ ನೊಬೆಲ್ ಬಂತು. ಆ ಎಲ್‌ಡೋಪಾ ನಮ್ಮ ಬೇಲಿಯ ನಸುಗುನ್ನಿ ಬೀಜದಲ್ಲಿದೆ ಎಂದು ಮದರಾಸಿನಲ್ಲಿ ಕೆಲಸ ಮಾಡುತ್ತಿದ್ದ ದಾಮೋದರನ್ ಮತ್ತು ರಾಮಸ್ವಾಮಿ 1937ರಲ್ಲೇ ತೋರಿಸಿದ್ದರು. ಹಾಗೆಂದು ಯಾರೂ ನಸುಗುನ್ನಿಯನ್ನು ತಾವೇ ಪುಡಿಮಾಡಿ ತಿನ್ನಬೇಡಿ. ಪ್ರಮಾಣ ತಪ್ಪಿದರೆ ಕೆಡುಕಾಗುತ್ತದೆ. ತಲೆಸುತ್ತಿಗೆ, ವಾಂತಿಗೆ, ಮನೋರೋಗಕ್ಕೆ ಕೊಡುವ ಕೆಲವು ಮಾತ್ರೆಗಳನ್ನು ತಿಂಗಳುಗಟ್ಟಲೆ ನುಂಗಿದರೂ ಪಾರ್ಕಿನ್ಸನ್ ತರಹದ ನಡುಕ, ಬಿಗಿತ ಬರಬಹುದು. ವೈದ್ಯರು ಆ ಮಾತ್ರೆ ಬದಲಿಸಿದರೆ ಬಹಳ ಜನರಲ್ಲಿ ಅದು ಇಳಿಯುತ್ತದೆ. ಹಳೆಯ ಚೀಟಿ ತೋರಿಸಿ ಅಂಗಡಿಯಿಂದ ಮತ್ತೆ ಮತ್ತೆ ಮಾತ್ರೆ ತರುವ ಅಭ್ಯಾಸ ಬಿಡಿ. ಮಾನಸಿಕ ಕಾಯಿಲೆಯ ಮಾತ್ರೆಯನ್ನಂತೂ ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ.

ಹಾಗಾದರೆ ಏನು ಮಾಡಬೇಕು? ಅಯೋವಾ, ಕ್ಯಾರೊಲಿನಾಗಳ ಅದೇ ಅಧ್ಯಯನದ ಮುಂದುವರಿಕೆ 2015ರಲ್ಲಿ ಬಂತು. ಕೈಗವಸನ್ನು ರೂಢಿಯಾಗಿ ಹಾಕಿದ ರೈತರಲ್ಲಿ ಪ್ಯಾರಾಕ್ವಾಟ್‌ನಿಂದ ಅಪಾಯ ಹೆಚ್ಚಾದದ್ದು ಕಾಣಲಿಲ್ಲ. ಸರಿಯಾಗಿ ಹಾಕದವರಲ್ಲಿ ಕಂಡಿತು. ಇಡೀ ಭಾಷಣದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನು ನೆನಪಿಡಿ. ಕೈಗವಸು ರಬ್ಬರಿನದೋ ನೈಟ್ರೈಲ್‌ನದೋ ಇರಲಿ. ಬಟ್ಟೆಯ ಗವಸು ವಿಷವನ್ನು ಹೀರಿ ಚರ್ಮಕ್ಕೆ ಒತ್ತಿ ಹಿಡಿಯುತ್ತದೆ. ಎಲ್ಲಕ್ಕಿಂತ ಅಪಾಯದ ಹೊತ್ತು ಹೊಡೆಯುವಾಗಿನದಲ್ಲ, ಡಬ್ಬಿಯ ಗಟ್ಟಿ ದ್ರವವನ್ನು ಅಳೆದು ಬೆರೆಸುವಾಗಿನದು. ಆಗ ಗವಸೂ ಕನ್ನಡಕವೂ ಬೇಕು, ಕಲಕಲು ಕೋಲು ಬೇಕು. ಉದ್ದ ತೋಳಿನ ಅಂಗಿ, ಉದ್ದ ಪ್ಯಾಂಟು, ಕಾಲಿಗೆ ಗಮ್‌ಬೂಟು. ಗಾಳಿಗೆ ಬೆನ್ನು ಕೊಟ್ಟು ನಡೆಯಿರಿ. ಸೋರುವ ಕ್ಯಾನನ್ನು ಮೊದಲು ರಿಪೇರಿ ಮಾಡಿಸಿ. ನಳಿಕೆ ಕಟ್ಟಿದರೆ ಕಡ್ಡಿಯಿಂದ ಬಿಡಿಸಿ, ಬಾಯಿ ಇಡಬೇಡಿ. ಕೆಲಸ ಮುಗಿದ ಕೂಡಲೇ ಸೋಪು ಹಚ್ಚಿ ಸ್ನಾನ. ಆ ಬಟ್ಟೆ ಬೇರೆಯಾಗಿ ನೆನೆಯಲಿ, ಒಗೆಯುವವರ ಕೈಗೂ ಗವಸು ಇರಲಿ. ಕ್ಯಾನನ್ನು ಕೆರೆಯಲ್ಲಿ, ಬಾವಿಕಟ್ಟೆಯಲ್ಲಿ ತೊಳೆಯಬೇಡಿ. ಖಾಲಿ ಡಬ್ಬಿಯಲ್ಲಿ ಎಣ್ಣೆ, ಉಪ್ಪು ತುಂಬಿಡಬೇಡಿ, ಮೂರು ಸಲ ತೊಳೆದು ತೂತು ಹೊಡೆದುಬಿಡಿ. ಹೊಲದ ನಡುವಿನ ತೆರೆದ ಬಾವಿಯ ನೀರು ಕುಡಿಯುವವರು ಬೇರೆ ನೀರಿನ ದಾರಿ ನೋಡಿ.

ಇದಕ್ಕೂ ಮೊದಲಿನ ಹೆಜ್ಜೆಯೆಂದರೆ ಹೊಡೆಯುವುದನ್ನೇ ಕಡಿಮೆ ಮಾಡುವುದು. ಪಕ್ಕದವರು ಹೊಡೆದರು ಎಂದು ಹೊಡೆಯಬೇಡಿ. ಅಂಗಡಿಯವರು ಹೇಳಿದರೆಂದು ಎರಡು ಮೂರು ಬೆರೆಸಬೇಡಿ. ಹುಳು ಎಷ್ಟಿದೆ ಎಂದು ಎಣಿಸಿ ನೋಡಿ, ರೈತ ಸಂಪರ್ಕ ಕೇಂದ್ರದಲ್ಲೋ ಇರುವಕ್ಕಿಯ ಕೃಷಿ ತೋಟಗಾರಿಕೆ ವಿಶ್ವವಿದ್ಯಾಲಯದವರಲ್ಲೋ ಕೇಳಿ. ಅಡಿಕೆ ತೋಟದ ಹುಲ್ಲನ್ನು ಯಂತ್ರದಿಂದ ಸವರಿ ಅಲ್ಲೇ ಮುಚ್ಚಿಗೆ ಮಾಡಬಹುದು. ಸಾಲು ನಾಟಿಯ ಗದ್ದೆಗೆ ಕೋನೋವೀಡರ್ ಇದೆ. ಮೆಕ್ಕೆಜೋಳದ ಸಾಲಿನ ನಡುವೆ ಎಡೆಕುಂಟೆ ಇನ್ನೂ ಓಡುತ್ತದೆ.

ಹೊಲದ ಯಜಮಾನರಲ್ಲಿ ನನ್ನದೊಂದು ಕೋರಿಕೆ ಇದೆ. ಕೂಲಿಯವರನ್ನು ಔಷಧಿ ಹೊಡೆಯಲು ಕರೆದರೆ ಕೂಲಿಯ ಜೊತೆಗೆ ಗವಸು, ಸೋಪು, ಎರಡು ಕೊಡ ಚೆನ್ನಾದ ನೀರು ಕೊಡಿ. 1968ರ ಕೀಟನಾಶಕ ಕಾಯ್ದೆಯ ಅಡಿ 1971ರಲ್ಲಿ ಬಂದ ನಿಯಮಗಳು ರಕ್ಷಣಾ ಉಡುಪಿನ ಮಾತನ್ನು ಸ್ಪಷ್ಟವಾಗಿ ಹೇಳಿವೆ. ಕಾರ್ಖಾನೆಯ ಕಾರ್ಮಿಕನಿಗೆ ಕಾಯಿಲೆ ಬಂದರೆ ಬರೆಯಲು ಒಂದು ಪಟ್ಟಿಯಾದರೂ ಇದೆ. ನಮ್ಮ ಗದ್ದೆಯಲ್ಲಿ ದುಡಿದವರ ನಡುಕವನ್ನು ಅವರ ದುಡಿಮೆಯ ಜೊತೆ ಸೇರಿಸಿ ಬರೆದಿಡುವ ಕೆಲಸ ಆಗಬೇಕು. ನಿಮ್ಹಾನ್ಸ್‌ನ ವೈದ್ಯರು ಬೆಂಗಳೂರು ಮತ್ತು ಸುತ್ತಲ ಹಳ್ಳಿಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಮನೆಮನೆಗೆ ಹೋಗಿ ನೋಡಿ, ನಗರಕ್ಕಿಂತ ಹಳ್ಳಿಯಲ್ಲಿ ನರರೋಗಗಳು ಹೆಚ್ಚುಕಡಿಮೆ ಇಮ್ಮಡಿ ಎಂದು 2004ರಲ್ಲಿ ಬರೆದರು. ಹಾಗೆ ಮನೆಮನೆಗೆ ಹೋಗುವ ಎಣಿಕೆ ಸೊರಬ, ಶಿಕಾರಿಪುರದಲ್ಲೂ ನಡೆಯಲಿ. ಅಲ್ಲಿಯವರೆಗೆ ನೀವೇ ಒಂದು ಹಳೆಯ ನೋಟುಪುಸ್ತಕದಲ್ಲಿ ಯಾವ ದಿನ, ಯಾವ ಔಷಧಿ, ಯಾರು ಹೊಡೆದರು ಎಂದು ಬರೆದಿಡಿ. ಮುಂದೊಂದು ದಿನ ವೈದ್ಯರು ಕೇಳಿದಾಗ ಆ ಪುಸ್ತಕ ನಿಮ್ಮ ಪರವಾಗಿ ಮಾತಾಡುತ್ತದೆ.

ಈಗಾಗಲೇ ನಡುಕ ಶುರುವಾದವರಿಗೆ ಎರಡು ಮಾತು. ಎಲ್ಲ ನಡುಕವೂ ಪಾರ್ಕಿನ್ಸನ್ ಅಲ್ಲ. ಕೈ ಆಡದೆ ಮಡಿಲಲ್ಲಿ ಇಟ್ಟಾಗ ನಡುಗಿದರೆ, ಒಂದೇ ಪಕ್ಕದಲ್ಲಿ ಶುರುವಾದರೆ, ಅಕ್ಷರ ಕಿರಿದಾದರೆ, ಗುಂಡಿ ಹಾಕಲು ತಡವಾದರೆ, ದನಿ ಇಳಿದರೆ ನರರೋಗ ತಜ್ಞರಿಗೆ ತೋರಿಸಿ. ಶಿವಮೊಗ್ಗದ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ರಾಜ್ಯ ಸರ್ಕಾರ ನಿಮ್ಹಾನ್ಸ್ ಜೊತೆ ಸೇರಿ 2022ರಲ್ಲಿ ಆರಂಭಿಸಿದ ಮೆದುಳು ಆರೋಗ್ಯ ಕಾರ್ಯಕ್ರಮ ಜಿಲ್ಲೆಗಳ ಜನರಿಗಾಗಿಯೇ ಇದೆ. ಈ ರೋಗವನ್ನು ಬುಡಸಮೇತ ತೆಗೆಯುವ ಮದ್ದು ಇನ್ನೂ ಇಲ್ಲ. ಆದರೆ ಮಾತ್ರೆಯನ್ನು ಗಡಿಯಾರ ನೋಡಿ ಹೊತ್ತಿಗೆ ಸರಿಯಾಗಿ ತೆಗೆದುಕೊಂಡರೆ, ದಿನವೂ ನಡೆದರೆ, ವ್ಯಾಯಾಮ ಮಾಡಿದರೆ ಬಹಳ ವರ್ಷ ಚೆನ್ನಾಗಿ ಬಾಳಬಹುದು. ದೊಡ್ಡಪ್ಪ ಬಾಳಿದರು. ಮಾತ್ರೆ ಹಿಡಿದ ಮೇಲೆ ಅವರು ಮೊದಲು ಮಾಡಿದ ಕೆಲಸ ಸೊಸೈಟಿಗೆ ಹೋಗಿ ತಮ್ಮ ಕೈಯಲ್ಲೇ ಸಹಿ ಹಾಕಿ ಬಂದದ್ದು.

ಅವರ ಪ್ರಶ್ನೆಗೆ ನನ್ನ ಉತ್ತರ ಅರ್ಧವೇ. "ದೊಡ್ಡಪ್ಪಾ, ನಿಮಗೆ ಯಾಕೆ ಬಂತು ಎಂದು ನಾನು ಹೇಳಲಾರೆ. ಇನ್ನೊಬ್ಬರಿಗೆ ಬರುವ ಸಂಭವವನ್ನು ಕಡಿಮೆ ಮಾಡುವುದು ಹೇಗೆಂದು ಹೇಳಬಲ್ಲೆ" ಎಂದಿದ್ದೆ. ಇವತ್ತು ಅದನ್ನೇ ನಿಮಗೂ ಹೇಳಿದ್ದೇನೆ. ಈ ಮಳೆಗಾಲದಲ್ಲಿ ಕ್ಯಾನು ಬೆನ್ನಿಗೇರಿಸುವ ಮೊದಲು ಎರಡು ಜೊತೆ ಕೈಗವಸು ಕೊಳ್ಳಿ. ನಿಮಗೆ ಒಂದು, ನಿಮ್ಮ ಹೊಲಕ್ಕೆ ಬರುವ ಕೂಲಿಯವರಿಗೆ ಇನ್ನೊಂದು.